ಗೆದ್ದ ಪಂದ್ಯವನ್ನು ಕಾಯುವ ಕಷ್ಟ

1987ರ ಜನವರಿ 11. ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರ. ಈರಿ ಸರೋವರದ ದಂಡೆಯ ಮೇಲಿದ್ದ ಹಳೆಯ ಮುನಿಸಿಪಲ್ ಕ್ರೀಡಾಂಗಣದಲ್ಲಿ ಕೊರೆಯುವ ಚಳಿಯನ್ನೂ ಲೆಕ್ಕಿಸದೆ ಸುಮಾರು 80 ಸಾವಿರ ಜನ ಸೇರಿದ್ದರು. ಊರಿನ ತಂಡವಾದ ಬ್ರೌನ್ಸ್ 20-13ರಿಂದ ಮುಂದಿತ್ತು. ಆಟ ಮುಗಿಯಲು ಉಳಿದಿದ್ದದ್ದು 5 ನಿಮಿಷ 32 ಸೆಕೆಂಡು. ಚೆಂಡು ಎದುರಾಳಿ ಡೆನ್ವರ್ ಬ್ರಾಂಕೋಸ್ ತಂಡದ ಕೈಯಲ್ಲಿತ್ತು ನಿಜ. ಆದರೆ ಆ ತಂಡ ತನ್ನದೇ ಗೆರೆಯಿಂದ ಬರೀ 2 ಗಜ ದೂರದಲ್ಲಿ ಸಿಕ್ಕಿಬಿದ್ದಿತ್ತು. ಸಮ ಮಾಡಿಕೊಳ್ಳಬೇಕಾದರೆ 98 ಗಜ ಸಾಗಬೇಕು. ಈ ಪಂದ್ಯ ಗೆದ್ದವರಿಗೆ ಅಮೆರಿಕದ ಅತಿ ದೊಡ್ಡ ಕ್ರೀಡಾ ಹಬ್ಬವಾದ ಸೂಪರ್ ಬೌಲ್‌ನಲ್ಲಿ ಆಡುವ ಅವಕಾಶ. ಕ್ಲೀವ್‌ಲ್ಯಾಂಡ್‌ಗೆ 1964ರ ನಂತರ ಯಾವ ಪ್ರಮುಖ ಕ್ರೀಡಾ ಪ್ರಶಸ್ತಿಯೂ ದಕ್ಕಿರಲಿಲ್ಲ. ಇಪ್ಪತ್ತೆರಡು ವರ್ಷಗಳ ಹಸಿವು ಇನ್ನೇನು ತೀರಿತು ಎಂದು ಜನ ಕುಣಿಯತೊಡಗಿದ್ದರು.

ತೀರಲಿಲ್ಲ. ಡೆನ್ವರ್ ತಂಡ ಆ 98 ಗಜಗಳನ್ನು 15 ಪ್ರಯತ್ನಗಳಲ್ಲಿ ದಾಟಿತು. ಗಡಿಯಾರದಲ್ಲಿ 37 ಸೆಕೆಂಡು ಉಳಿದಿರುವಾಗ ಅಂಕ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಬ್ರೌನ್ಸ್ 23-20ರಿಂದ ಸೋತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಮೆರಿಕದ ಕ್ರೀಡಾ ಚರಿತ್ರೆಯಲ್ಲಿ ಈ ಪ್ರಸಂಗಕ್ಕೆ 'ದಿ ಡ್ರೈವ್' ಎಂಬ ಹೆಸರೇ ನಿಂತುಬಿಟ್ಟಿದೆ. ಜತೆಗೆ ಒಂದು ಹಳೆಯ ಜಗಳವೂ ಮತ್ತೆ ಹೊತ್ತಿಕೊಂಡಿತು. ಮುಂದಿರುವ ತಂಡ ಕೊನೆಯ ನಿಮಿಷಗಳಲ್ಲಿ ಹೇಗೆ ಆಡಬೇಕು? ಅದುವರೆಗೆ ಗೆಲುವು ತಂದುಕೊಟ್ಟ ಆಟವನ್ನೇ ಮುಂದುವರಿಸಬೇಕೇ? ಅಥವಾ ಹಿಂದೆ ಸರಿದು, ಬಾಗಿಲು ಭದ್ರಪಡಿಸಿಕೊಂಡು, ಗಡಿಯಾರ ಓಡಿ ಮುಗಿಯುವುದನ್ನು ಕಾಯುತ್ತ ನಿಲ್ಲಬೇಕೇ? ಎರಡನೆಯ ದಾರಿಗೆ ಆ ಆಟದ ಭಾಷೆಯಲ್ಲಿ 'ಪ್ರಿವೆಂಟ್ ಡಿಫೆನ್ಸ್' ಎನ್ನುತ್ತಾರೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿರುವ, ಅಷ್ಟೇ ಕಾಲದಿಂದ ಬೈಗುಳ ತಿನ್ನುತ್ತ ಬಂದಿರುವ ತಂತ್ರ ಇದು.

ನೆಲ ಮತ್ತು ಗಡಿಯಾರ

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಮಗೆ ಗೊತ್ತಿರುವ ಕಾಲ್ಚೆಂಡಲ್ಲ. ಅದು ನೆಲವನ್ನು ಗಜಗಜವಾಗಿ ಗೆಲ್ಲುವ ಆಟ. ಅಂಗಳದ ಉದ್ದ 100 ಗಜ. ಎರಡೂ ತುದಿಯಲ್ಲಿ 10 ಗಜದ 'ಎಂಡ್ ಝೋನ್'. ಪ್ರತಿ ತಂಡದಲ್ಲೂ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಪ್ರಯತ್ನ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಇಲ್ಲವಾದರೆ ಚೆಂಡು ಎದುರಾಳಿಗೆ. ಚೆಂಡನ್ನು ಹೊತ್ತು ಓಡಬಹುದು. ಇಲ್ಲವೇ ತಂಡದ ಸೂತ್ರಧಾರನಾದ ಕ್ವಾರ್ಟರ್‌ಬ್ಯಾಕ್ ಅದನ್ನು ಮುಂದೆ ಓಡುತ್ತಿರುವ ಜತೆಗಾರನಿಗೆ ಎಸೆಯಬಹುದು. ಎದುರಿನ ಎಂಡ್ ಝೋನ್ ಮುಟ್ಟಿದರೆ 'ಟಚ್‌ಡೌನ್', 6 ಅಂಕ. ಅದರ ಬೆನ್ನಿಗೆ ಒದ್ದು ಗಳಿಸುವ 1 ಅಂಕ ಬೇರೆ. ಅಷ್ಟು ದೂರ ಹೋಗಲಾಗದಿದ್ದರೆ ಚೆಂಡನ್ನು ಕಂಬಗಳ ನಡುವೆ ಒದ್ದು 3 ಅಂಕದ 'ಫೀಲ್ಡ್ ಗೋಲ್' ಪಡೆಯಬಹುದು.

ಇಷ್ಟು ನೆಲದ ಲೆಕ್ಕವಾಯಿತು. ಇನ್ನೊಂದು ಲೆಕ್ಕ ಗಡಿಯಾರದ್ದು. ಪಂದ್ಯಕ್ಕೆ 60 ನಿಮಿಷ. ಚೆಂಡು ಹಿಡಿದವನು ಅಂಗಳದ ಒಳಗೇ ಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ. ಎಸೆದ ಚೆಂಡನ್ನು ಯಾರೂ ಹಿಡಿಯದಿದ್ದರೆ ಅದು ನಿಲ್ಲುತ್ತದೆ. ಕೊನೆಯ ನಿಮಿಷಗಳಲ್ಲಿ ಆಟಗಾರ ಪಕ್ಕದ ಗೆರೆ ದಾಟಿ ಹೊರಹೋದರೂ ನಿಲ್ಲುತ್ತದೆ. ಇದಲ್ಲದೆ ಪ್ರತಿ ಅರ್ಧಕ್ಕೆ ಮೂರು ಬಾರಿ 'ಟೈಮ್‌ಔಟ್' ಕೇಳಿ ಗಡಿಯಾರ ನಿಲ್ಲಿಸುವ ಹಕ್ಕು ಎರಡೂ ತಂಡಗಳಿಗೆ ಇದೆ. ಹಿಂದಿರುವ ತಂಡಕ್ಕೆ ಈ ಮೂರು ಟೈಮ್‌ಔಟ್‌ಗಳೇ ಆಪತ್ಕಾಲದ ಗಂಟು.

ಪ್ರಿವೆಂಟ್ ಡಿಫೆನ್ಸ್ ಹುಟ್ಟುವುದು ಈ ಎರಡು ಲೆಕ್ಕಗಳು ಸೇರುವ ಜಾಗದಲ್ಲಿ.

ನೆಲ ಮಾರಿ ಸಮಯ ಕೊಳ್ಳುವುದು

ಸಾಮಾನ್ಯವಾಗಿ ರಕ್ಷಣೆಗೆ ನಿಂತ ತಂಡ ನಾಲ್ಕು ಅಥವಾ ಹೆಚ್ಚು ಜನರನ್ನು ಮುಂದಕ್ಕೆ ನುಗ್ಗಿಸುತ್ತದೆ. ಕ್ವಾರ್ಟರ್‌ಬ್ಯಾಕ್‌ಗೆ ಯೋಚಿಸಲು ಪುರುಸೊತ್ತು ಕೊಡದೆ ಮೇಲೆ ಬೀಳುವುದು ಅವರ ಕೆಲಸ. ಉಳಿದವರು ಎದುರಾಳಿಯ ಓಟಗಾರರನ್ನು ಹತ್ತಿರದಿಂದ ಕಾಯುತ್ತಾರೆ. ಪ್ರಿವೆಂಟ್ ಡಿಫೆನ್ಸ್‌ನಲ್ಲಿ ಈ ಏರ್ಪಾಡು ತಲೆಕೆಳಗಾಗುತ್ತದೆ. ಮುಂದೆ ನುಗ್ಗುವವರು ಮೂವರು, ಕೆಲವೊಮ್ಮೆ ಇಬ್ಬರು. ಮಿಕ್ಕವರೆಲ್ಲ ಹಿಂದೆ, ಬಹಳ ಹಿಂದೆ. ತಮ್ಮನ್ನು ದಾಟಿ ಯಾರೂ ಹೋಗಬಾರದು, ತಮ್ಮ ತಲೆಯ ಮೇಲಿಂದ ಚೆಂಡು ಹಾದುಹೋಗಬಾರದು ಎಂಬುದೊಂದೇ ಅವರಿಗಿರುವ ಆಜ್ಞೆ. ಕ್ರಿಕೆಟ್‌ನಲ್ಲಿ ಕೊನೆಯ ಓವರುಗಳಲ್ಲಿ ನಾಯಕ ಕ್ಷೇತ್ರರಕ್ಷಕರನ್ನು ಬೌಂಡರಿ ಗೆರೆಗೆ ಕಳಿಸಿ, ಒಂಟಿ ರನ್ ಬಂದರೆ ಬರಲಿ, ನಾಲ್ಕು ಹೋಗದಿದ್ದರೆ ಸಾಕು ಎನ್ನುವುದಿಲ್ಲವೇ, ಹಾಗೆ.

ಇದರ ತರ್ಕ ಸರಳ. ಎದುರಾಳಿಗೆ ಸಮಯ ಕಡಿಮೆ ಇದೆ. 10-12 ಗಜದ ಸಣ್ಣ ಎಸೆತಗಳನ್ನು ಅವನಿಗೆ ಬಿಟ್ಟುಕೊಡೋಣ. ಚೆಂಡು ಹಿಡಿದವನನ್ನು ಅಂಗಳದ ಒಳಗೇ ಕೆಡವೋಣ. ಅವನು ಎದ್ದು, ಎಲ್ಲರೂ ಓಡಿಬಂದು ಸಾಲುಗೂಡಿ, ಮತ್ತೆ ಆಟ ಶುರುಮಾಡುವಷ್ಟರಲ್ಲಿ ಗಡಿಯಾರ ಸುಮಾರು 15-20 ಸೆಕೆಂಡುಗಳನ್ನು ನುಂಗಿರುತ್ತದೆ. 75 ಗಜ ಸಾಗಲು ಇಂಥ ಆರೇಳು ತುಣುಕು ಬೇಕು. ಅಷ್ಟಕ್ಕೆ ಒಂದೂವರೆ ಎರಡು ನಿಮಿಷ ಆಗಿಹೋಗುತ್ತದೆ. ಉಳಿದಿರುವುದೇ ಒಂದು ನಿಮಿಷ ಎಂದಾದರೆ ಗೆಲುವು ನಮ್ಮದು. ಅಂದರೆ ಇದು ನೆಲ ಮಾರಿ ಸಮಯ ಕೊಳ್ಳುವ ವ್ಯಾಪಾರ.

ವ್ಯಾಪಾರ ಎಂದಮೇಲೆ ಬೆಲೆಯ ಪ್ರಶ್ನೆ ಬರುತ್ತದೆ. ಎಷ್ಟು ನೆಲ ಕೊಟ್ಟರೆ ಎಷ್ಟು ಸಮಯ ಸಿಗುತ್ತದೆ? ಎದುರಾಳಿಯ ಬಳಿ ಟೈಮ್‌ಔಟ್ ಉಳಿದಿದ್ದರೆ ಒಂದು ತುಣುಕಿಗೆ ಖರ್ಚಾಗುವುದು 20 ಸೆಕೆಂಡಲ್ಲ, ಬರೀ 5-6 ಸೆಕೆಂಡು. ಅವನಿಗೆ ಬೇಕಾಗಿರುವುದು ಟಚ್‌ಡೌನ್ ಅಲ್ಲ, 3 ಅಂಕದ ಫೀಲ್ಡ್ ಗೋಲ್ ಮಾತ್ರ ಎಂದಾದರೆ ಅವನು 75 ಗಜ ಸಾಗಬೇಕಿಲ್ಲ, ಸುಮಾರು 40 ಗಜ ಸಾಕು. ಪ್ರಿವೆಂಟ್ ಡಿಫೆನ್ಸ್‌ನ ಚರಿತ್ರೆಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಮಯದ ಬೆಲೆ ದಶಕದಿಂದ ದಶಕಕ್ಕೆ ಏರುತ್ತ ಹೋಗಿದೆ. ತರಬೇತುದಾರರು ಮಾತ್ರ ಬಹಳ ಸಲ ಹಳೆಯ ಬೆಲೆಯ ಲೆಕ್ಕದಲ್ಲೇ ವ್ಯಾಪಾರ ಮಾಡಿದ್ದಾರೆ.

ಎಸೆತದ ಭಯ

ಈ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಮೊದಲು ಅನುಮತಿಯೇ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಕಾಲೇಜು ಫುಟ್‌ಬಾಲ್ ಎಂದರೆ ಗುಂಪು ಗುಂಪಾಗಿ ನುಗ್ಗಾಡುವ ಮಲ್ಲಯುದ್ಧ. ಆಟಗಾರರು ಸಾಯುವುದು ಹೆಚ್ಚಾದಾಗ, 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಬೇಕಾಯಿತು. ನಿಯಮಗಳು ಬದಲಾದವು. 1906ರಲ್ಲಿ ಮುನ್ನೆಸೆತಕ್ಕೆ ಒಪ್ಪಿಗೆ ಸಿಕ್ಕಿತು. ಅದುವರೆಗೆ ಸ್ವಲ್ಪ ಸ್ವಲ್ಪವೇ ಗೆಲ್ಲಬೇಕಿದ್ದ ನೆಲವನ್ನು ಒಂದೇ ಎಸೆತದಲ್ಲಿ ಹಾರಿ ದಾಟುವ ದಾರಿ ತೆರೆಯಿತು. ಮುಂದಿರುವ ತಂಡಕ್ಕೆ ಕೊನೆಯ ಗಳಿಗೆಯವರೆಗೂ ಎದೆ ಡವಡವ ಎನ್ನುವ ಕಾಲ ಶುರುವಾದದ್ದು ಅಂದಿನಿಂದಲೇ.

ಎಸೆತಗಾರರು ಪಳಗಿದಂತೆ ರಕ್ಷಣೆಯೂ ಬದಲಾಯಿತು. ಹಿಂದೆ ಕಾಯುವವರು ಸಾಮಾನ್ಯವಾಗಿ ನಾಲ್ವರು. 1960 ಮತ್ತು 70ರ ದಶಕಗಳಲ್ಲಿ ಜಾರ್ಜ್ ಅಲೆನ್‌ರಂಥ ತರಬೇತುದಾರರು ಐದನೆಯವನನ್ನು ಸೇರಿಸುವ ಪದ್ಧತಿಯನ್ನು ಬಳಕೆಗೆ ತಂದರು. ಐದು ಸೆಂಟಿನ ಅಮೆರಿಕನ್ ನಾಣ್ಯಕ್ಕೆ 'ನಿಕಲ್' ಎಂದು ಹೆಸರು. ಹಾಗಾಗಿ ಐವರ ರಕ್ಷಣೆ 'ನಿಕಲ್' ಆಯಿತು. ಆರನೆಯವನು ಬಂದಾಗ ಮುಂದಿನ ನಾಣ್ಯದ ಹೆಸರು 'ಡೈಮ್'. ಏಳನೆಯವನು ಬಂದರೆ 'ಕ್ವಾರ್ಟರ್'. ಭಯ ಹೆಚ್ಚಿದಷ್ಟೂ ನಾಣ್ಯ ದೊಡ್ಡದಾಗುತ್ತ ಹೋಯಿತು. ಪ್ರಿವೆಂಟ್ ಡಿಫೆನ್ಸ್ ಈ ಸರಣಿಯ ಕೊನೆಯ ಮೆಟ್ಟಿಲು.

ಭಯಕ್ಕೆ ಕಾರಣ ಇಲ್ಲದಿರಲಿಲ್ಲ. 1975ರ ಡಿಸೆಂಬರ್ 28ರಂದು ಮಿನೆಸೋಟ ವೈಕಿಂಗ್ಸ್ ತಂಡ ಡಲ್ಲಾಸ್ ಕೌಬಾಯ್ಸ್ ಎದುರು 14-10ರಿಂದ ಮುಂದಿತ್ತು. ಅರ್ಧ ನಿಮಿಷವಷ್ಟೇ ಉಳಿದಿದ್ದಾಗ ಡಲ್ಲಾಸ್‌ನ ರೋಜರ್ ಸ್ಟಾಬಾಕ್ ಚೆಂಡನ್ನು ಬಲವಾಗಿ ಮುಂದಕ್ಕೆಸೆದರು. ಡ್ರೂ ಪಿಯರ್‌ಸನ್ ಅದನ್ನು ಹಿಡಿದು ಎಂಡ್ ಝೋನ್ ಸೇರಿದರು. 50 ಗಜದ ಆ ಎಸೆತದಿಂದ ಡಲ್ಲಾಸ್ 17-14ರಿಂದ ಗೆದ್ದಿತು. ಕಣ್ಣು ಮುಚ್ಚಿ 'ಹೇಲ್ ಮೇರಿ' ಎಂದು ಪ್ರಾರ್ಥಿಸಿದೆ ಎಂದು ಕ್ಯಾಥೊಲಿಕ್ ಧರ್ಮೀಯರಾದ ಸ್ಟಾಬಾಕ್ ಆಮೇಲೆ ಹೇಳಿದರು. ದೇವರ ಮೇಲೆ ಭಾರ ಹಾಕಿ ಎಸೆಯುವ ಕೊನೆಯ ಎಸೆತಕ್ಕೆ ಆ ಹೆಸರು ಎಲ್ಲೆಡೆ ರೂಢಿಯಾದದ್ದು ಅಂದಿನಿಂದ. ಇಂಥದ್ದನ್ನು ಕಂಡ ಯಾವ ತರಬೇತುದಾರ ತಾನೇ ತನ್ನವರನ್ನು ಹಿಂದೆ ನಿಲ್ಲಿಸದೆ ಇದ್ದಾನು?

ಆದರೆ ಮೂರೇ ವರ್ಷಗಳಲ್ಲಿ ಆಟದ ನೆಲೆಯೇ ಬದಲಾಯಿತು. ವೃತ್ತಿಪರ ಫುಟ್‌ಬಾಲನ್ನು ನಡೆಸುವ ಎನ್‌ಎಫ್‌ಎಲ್ ಸಂಸ್ಥೆ 1978ರಲ್ಲಿ ಹೊಸ ನಿಯಮ ತಂದಿತು. ಎದುರಾಳಿ ಓಟಗಾರನನ್ನು ತಡೆದು ತಳ್ಳುವುದಕ್ಕೆ ಮೊದಲ 5 ಗಜದೊಳಗೆ ಮಾತ್ರ ಅವಕಾಶ, ಆಮೇಲೆ ಅವನನ್ನು ಮುಟ್ಟುವಂತಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಅಂಗರಕ್ಷಕರು ಕೈ ಚಾಚಿ ಎದುರಾಳಿಗಳನ್ನು ತಡೆಯಲೂ ಒಪ್ಪಿಗೆ ಸಿಕ್ಕಿತು. ಎಸೆತ ಸುಲಭವಾಯಿತು, ಕಾವಲು ಕಷ್ಟವಾಯಿತು. ಹಿಂದೆ ಸರಿದು ನಿಂತವರ ಮುಂದಿನ ಖಾಲಿ ಜಾಗ ಮೊದಲಿಗಿಂತ ಅಗ್ಗವಾಯಿತು.

ಹದಿನೆಂಟು ಗಜದ ಪ್ರಶ್ನೆ

ಮತ್ತೆ ಕ್ಲೀವ್‌ಲ್ಯಾಂಡ್‌ಗೆ ಬರೋಣ. ಡೆನ್ವರ್‌ನ ಕ್ವಾರ್ಟರ್‌ಬ್ಯಾಕ್ ಜಾನ್ ಎಲ್ವೆ ಅವರಿಗೆ ಆಗ 26 ವರ್ಷ. ತಮ್ಮ ಗೆರೆಯ ಬಳಿ ಗುಂಪುಗೂಡಿದಾಗ ಸಹ ಆಟಗಾರ ಕೀತ್ ಬಿಷಪ್, ಎದುರಾಳಿಗಳನ್ನು ನಮಗೆ ಬೇಕಾದ ಜಾಗಕ್ಕೇ ತಂದು ನಿಲ್ಲಿಸಿದ್ದೇವೆ ಎಂದು ತಮಾಷೆ ಮಾಡಿದರೆಂಬ ಕಥೆ ಪ್ರಸಿದ್ಧ. ಸಣ್ಣ ಓಟ, ಸಣ್ಣ ಎಸೆತಗಳಿಂದ ತಂಡ ಅಂಗಳದ ನಡುಭಾಗಕ್ಕೆ ಬಂತು. ಅಲ್ಲಿ ಬ್ರೌನ್ಸ್‌ನ ಡೇವ್ ಪುಝುವೋಲಿ ಎಲ್ವೆಯನ್ನು ಹಿಡಿದು ಕೆಡವಿ ಡೆನ್ವರ್ ತಂಡವನ್ನು 8 ಗಜ ಹಿಂದಕ್ಕೆ ತಳ್ಳಿದರು. ಈಗ ಅದು ಮೂರನೆಯ ಪ್ರಯತ್ನ, ಬೇಕಾದದ್ದು 18 ಗಜ. ಎರಡು ನಿಮಿಷಕ್ಕೂ ಕಡಿಮೆ ಸಮಯ.

ಇಲ್ಲಿ ಬ್ರೌನ್ಸ್ ಮೂವರನ್ನು ಮಾತ್ರ ಮುಂದೆ ಬಿಟ್ಟು ಉಳಿದ ಎಂಟು ಮಂದಿಯನ್ನು ಹಿಂದೆ ನಿಲ್ಲಿಸಿತು. ಡೆನ್ವರ್‌ಗೆ ಆ ಪ್ರಯತ್ನ ಸುಸೂತ್ರವಾಗಿಯೂ ಶುರುವಾಗಲಿಲ್ಲ. ಹಿಂದಕ್ಕೆ ಕೊಟ್ಟ ಚೆಂಡು ಅಡ್ಡ ಓಡುತ್ತಿದ್ದ ತಮ್ಮದೇ ಆಟಗಾರ ಸ್ಟೀವ್ ವಾಟ್ಸನ್ ಅವರ ಮೈಗೆ ತಾಗಿ ದಿಕ್ಕು ತಪ್ಪಿತು. ಆದರೂ ಎಲ್ವೆ ಅದನ್ನು ಎತ್ತಿಕೊಂಡು, ನೋಡಿ, ಗುರಿಯಿಟ್ಟು ಎಸೆಯಲು ಸಮಯ ಸಿಕ್ಕಿತು. ಏಕೆಂದರೆ ಮೈಮೇಲೆ ಬೀಳುವವರು ಮೂವರೇ, ಅವರನ್ನು ತಡೆಯುವವರು ಐವರು. ಮಾರ್ಕ್ ಜಾಕ್ಸನ್ 20 ಗಜದ ಆ ಎಸೆತವನ್ನು ಹಿಡಿದರು. ಕೊನೆಗೆ 5 ಗಜದ ಎಸೆತ ಹಿಡಿದು ಟಚ್‌ಡೌನ್ ಗಳಿಸಿದವರೂ ಅವರೇ.

ಹಿಂದೆ ಎಂಟು ಜನ ನಿಂತರೂ ಚೆಂಡು ತೂರಿಹೋದದ್ದು ಹೇಗೆ? ಉತ್ತರ ಗಡಿಯಾರದಲ್ಲಿದೆ. ಇದು ಪಂದ್ಯದ ಗಡಿಯಾರವಲ್ಲ, ಎಸೆತಗಾರನ ತಲೆಯೊಳಗಿನ ಗಡಿಯಾರ. ಮೂರು ಸೆಕೆಂಡಿನೊಳಗೆ ಎಸೆಯಲೇಬೇಕಾದಾಗ ತಪ್ಪುವ ಕೈ, ಐದಾರು ಸೆಕೆಂಡು ಸಿಕ್ಕಾಗ ತಪ್ಪುವುದು ಅಪರೂಪ. ಅಷ್ಟು ಹೊತ್ತಿನಲ್ಲಿ ಓಟಗಾರ ಎಂಟು ಜನರ ನಡುವೆಯೂ ಒಂದು ಖಾಲಿ ಜಾಗ ಹುಡುಕಿಕೊಳ್ಳುತ್ತಾನೆ. ಪಂದ್ಯದ ಸಮಯ ಕೊಳ್ಳಲು ಹೋಗಿ ಎದುರಾಳಿಗೆ ಎಸೆತದ ಸಮಯವನ್ನು ಪುಕ್ಕಟೆ ಕೊಟ್ಟಂತಾಗುತ್ತದೆ. ಓಕ್ಲೆಂಡ್ ರೈಡರ್ಸ್ ತಂಡದ ತರಬೇತುದಾರರಾಗಿದ್ದು, ಮುಂದೆ ಟಿವಿ ವೀಕ್ಷಕ ವಿವರಣೆಗಾರರಾಗಿ ಮನೆಮಾತಾದ ಜಾನ್ ಮ್ಯಾಡೆನ್ ಅವರ ಹೆಸರಿನಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ಪ್ರಿವೆಂಟ್ ಡಿಫೆನ್ಸ್ ತಡೆಯುವುದು ಒಂದನ್ನೇ, ಗೆಲುವನ್ನು.

ಮೂವತ್ತೆರಡು ಅಂಕ ಕರಗಿದ ಕಥೆ

1993ರ ಜನವರಿ 3ರಂದು ಬಫಲೊದಲ್ಲಿ ನಡೆದ ಪಂದ್ಯದಲ್ಲಿ ಹ್ಯೂಸ್ಟನ್ ಆಯಿಲರ್ಸ್ ಮೂರನೆಯ ಕ್ವಾರ್ಟರ್ ಆರಂಭದಲ್ಲಿ 35-3ರಿಂದ ಮುಂದಿತ್ತು. ಎದುರಾಳಿ ಬಫಲೊ ಬಿಲ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲಿ ಗಾಯಗೊಂಡು ಹೊರಗಿದ್ದರು. ಬದಲಿಗೆ ಬಂದಿದ್ದವರು ಫ್ರಾಂಕ್ ರೈಕ್. ಪವಾಡ ಅವರಿಗೆ ಹೊಸದೇನೂ ಅಲ್ಲ. 1984ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪರ ಆಡುವಾಗ, 31-0 ಹಿಂದಿದ್ದ ತಂಡವನ್ನು ಮಯಾಮಿ ವಿರುದ್ಧ 42-40ರಿಂದ ಗೆಲ್ಲಿಸಿದ್ದರು. ಬಫಲೊದಲ್ಲೂ ಅದೇ ನಡೆಯಿತು. ಒಂದೇ ಕ್ವಾರ್ಟರ್‌ನಲ್ಲಿ ಬಿಲ್ಸ್ 28 ಅಂಕ ಬಾಚಿತು. ಹೆಚ್ಚುವರಿ ಅವಧಿಯಲ್ಲಿ 41-38ರಿಂದ ಗೆದ್ದಿತು. 32 ಅಂಕ ಹಿಂದಿದ್ದು ಗೆದ್ದ ಆ ದಾಖಲೆ ಸುಮಾರು ಮೂವತ್ತು ವರ್ಷ ಉಳಿಯಿತು. 2022ರ ಡಿಸೆಂಬರ್ 17ರಂದು ಮಿನೆಸೋಟ ವೈಕಿಂಗ್ಸ್ 33-0 ಹಿಂದಿದ್ದು ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅನ್ನು 39-36ರಿಂದ ಸೋಲಿಸಿದಾಗ ಅದು ಮುರಿಯಿತು.

ಹ್ಯೂಸ್ಟನ್ ಸೋತದ್ದಕ್ಕೆ ರಕ್ಷಣಾ ವಿಭಾಗದ ತರಬೇತುದಾರ ಕೆಲಸ ಕಳೆದುಕೊಂಡರು. ಆದರೆ ತಪ್ಪು ರಕ್ಷಣೆಯದೊಂದೇ ಆಗಿತ್ತೇ? ಆ ತಂಡದ ಆಕ್ರಮಣ 'ರನ್ ಅಂಡ್ ಶೂಟ್' ಎಂಬ, ಎಸೆತವನ್ನೇ ನಂಬಿದ ಪದ್ಧತಿಯದು. ಹಿಡಿಯದೆ ಬಿದ್ದ ಪ್ರತಿ ಎಸೆತಕ್ಕೂ ಗಡಿಯಾರ ನಿಲ್ಲುತ್ತದೆ. ಅಂಕ ಪೇರಿಸಲು ಹೇಳಿಮಾಡಿಸಿದ ಆಟ, ಪೇರಿಸಿದ್ದನ್ನು ಕಾಯಲು ಒಗ್ಗದ ಆಟ.

ಹ್ಯೂಸ್ಟನ್ ಹೊಸದಾಗಿ ಕರೆತಂದದ್ದು ಬಡ್ಡಿ ರಯಾನ್ ಅವರನ್ನು. 1985ರ ಸಾಲಿನ ಶಿಕಾಗೊ ಬೇರ್ಸ್ ತಂಡದ ಉಗ್ರ ರಕ್ಷಣೆಯನ್ನು ಕಟ್ಟಿದ ಅವರು ಹಿಂದೆ ಸರಿದು ಕಾಯುವುದನ್ನು ಒಪ್ಪುವವರೇ ಅಲ್ಲ. ತಂಡದ ಎಸೆತದ ಹುಚ್ಚಿನ ಮೇಲೂ ಅವರಿಗೆ ಸಿಟ್ಟಿತ್ತು. 1994ರ ಜನವರಿ 2ರಂದು, ತಂಡ ಮುಂದಿದ್ದರೂ ಮಧ್ಯಂತರಕ್ಕೆ ಮೊದಲು ಓಡಿ ಗಡಿಯಾರ ಕರಗಿಸುವ ಬದಲು ಎಸೆಯಲು ಹೋಗಿ ಚೆಂಡು ಕಳೆದುಕೊಂಡಾಗ ರಯಾನ್ ಅವರ ಸಹನೆ ಕಟ್ಟೆಯೊಡೆಯಿತು. ತಮ್ಮದೇ ತಂಡದ ಆಕ್ರಮಣ ವಿಭಾಗದ ತರಬೇತುದಾರ ಕೆವಿನ್ ಗಿಲ್‌ಬ್ರೈಡ್ ಅವರಿಗೆ ಟಿವಿ ಕ್ಯಾಮೆರಾಗಳ ಎದುರೇ ಗುದ್ದಿದರು. ಮುನ್ನಡೆ ಕಾಯುವ ಬಗೆಯ ಕುರಿತ ವಾದ ಕೈಕೈ ಮಿಲಾಯಿಸುವ ಮಟ್ಟಕ್ಕೂ ಹೋದೀತು ಎಂಬುದಕ್ಕೆ ಇದು ಸಾಕ್ಷಿ.

ಮಂಡಿಯೂರುವ ವಿದ್ಯೆ

ಮುನ್ನಡೆಯನ್ನು ಕಾಯುವ ಅತ್ಯುತ್ತಮ ರಕ್ಷಣೆ ಎಂದರೆ ಚೆಂಡನ್ನು ಎದುರಾಳಿಗೆ ಕೊಡದಿರುವುದು. ತನ್ನ ಬಳಿ ಚೆಂಡಿದ್ದು ಅಂಗಳದೊಳಗೇ ಬೀಳುತ್ತ ಹೋದರೆ ಪ್ರತಿ ಪ್ರಯತ್ನಕ್ಕೂ ಸುಮಾರು 40 ಸೆಕೆಂಡು ಕರಗಿಸಬಹುದು. ಎದುರಾಳಿಯ ಟೈಮ್‌ಔಟ್‌ಗಳು ಮುಗಿದಿದ್ದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಮಂಡಿಯೂರಿದರೆ ಮುಗಿಯಿತು. ಇದು ಇಂದು ಪ್ರತಿ ಪಂದ್ಯದಲ್ಲೂ ಕಾಣುವ ದೃಶ್ಯ. ಒಂದು ಕಾಲಕ್ಕೆ ಇದನ್ನು ಹೇಡಿತನವೆಂದು ಕಾಣುವವರಿದ್ದರು.

1978ರ ನವೆಂಬರ್ 19ರಂದು ನ್ಯೂಯಾರ್ಕ್ ಜೈಂಟ್ಸ್ ತಂಡ ಫಿಲಡೆಲ್ಫಿಯಾ ಈಗಲ್ಸ್ ಎದುರು 17-12ರಿಂದ ಮುಂದಿತ್ತು. ಅರ್ಧ ನಿಮಿಷದಷ್ಟು ಆಟ ಬಾಕಿ. ಈಗಲ್ಸ್ ಬಳಿ ಒಂದೂ ಟೈಮ್‌ಔಟ್ ಇರಲಿಲ್ಲ. ಮಂಡಿಯೂರಿದ್ದರೆ ಪಂದ್ಯ ಮುಗಿಯುತ್ತಿತ್ತು. ಅದರ ಬದಲು ಚೆಂಡನ್ನು ಓಟಗಾರನಿಗೆ ಕೊಡುವಂತೆ ಸೂಚನೆ ಬಂತು. ಕೊಡುವಾಗ ಚೆಂಡು ಜಾರಿತು. ಪುಟಿದ ಚೆಂಡನ್ನು ಈಗಲ್ಸ್‌ನ ಹರ್ಮ್ ಎಡ್ವರ್ಡ್ಸ್ ಎತ್ತಿಕೊಂಡು 26 ಗಜ ಓಡಿ ಟಚ್‌ಡೌನ್ ಗಳಿಸಿದರು. ಈಗಲ್ಸ್ 19-17ರಿಂದ ಗೆದ್ದಿತು. ಆ ಸೂಚನೆ ಕೊಟ್ಟ ಸಹಾಯಕ ತರಬೇತುದಾರರನ್ನು ಮರುದಿನವೇ ಮನೆಗೆ ಕಳಿಸಲಾಯಿತು. ಆ ಮೇಲೆ ಮಂಡಿಯೂರುವುದಕ್ಕೆಂದೇ ಪ್ರತ್ಯೇಕ ವ್ಯೂಹ ರೂಪುಗೊಂಡಿತು. ಅದಕ್ಕೆ ಇಟ್ಟ ಹೆಸರು 'ವಿಕ್ಟರಿ ಫಾರ್ಮೇಷನ್', ಅಂದರೆ ವಿಜಯ ವ್ಯೂಹ.

ಈ ಪಾಠ ಗೊತ್ತಿದ್ದೂ 2017ರ ಫೆಬ್ರುವರಿ 5ರ ಸೂಪರ್ ಬೌಲ್‌ನಲ್ಲಿ ಅಟ್ಲಾಂಟ ಫಾಲ್ಕನ್ಸ್ ಎಡವಿತು. ಮೂರನೆಯ ಕ್ವಾರ್ಟರ್‌ನಲ್ಲಿ 28-3ರಿಂದ ಮುಂದಿದ್ದ ತಂಡ ಅದು. ಕೊನೆಯ ಐದು ನಿಮಿಷದೊಳಗೆ 28-20 ಇದ್ದಾಗಲೂ ಅದು ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ 22 ಗಜದ ಗೆರೆಯವರೆಗೆ ಹೋಗಿತ್ತು. ಅಲ್ಲಿಂದ ಒಂದು ಫೀಲ್ಡ್ ಗೋಲ್ ಒದ್ದಿದ್ದರೆ ಸಾಕಿತ್ತು. ಎಸೆಯಲು ಹೋಗಿ ಕ್ವಾರ್ಟರ್‌ಬ್ಯಾಕ್ ಕೆಡವಲ್ಪಟ್ಟರು, ಮೇಲಿಂದ ದಂಡವೂ ಬಿತ್ತು, ಒದೆಯುವ ಅಂತರವೇ ಕೈತಪ್ಪಿತು. ಆ ದಿನ ಪೇಟ್ರಿಯಟ್ಸ್ ಆಡಿದ್ದು 93 ಪ್ರಯತ್ನ, ಅಟ್ಲಾಂಟ ಆಡಿದ್ದು 46. ಕಾದು ಕಾದು ರಕ್ಷಕರ ಕಾಲು ಸೋತಿತ್ತು. ಟಚ್‌ಡೌನ್ ನಂತರ ಒದೆಯುವ ಬದಲು ಮತ್ತೊಮ್ಮೆ ಎಂಡ್ ಝೋನ್ ಮುಟ್ಟಿ 2 ಅಂಕ ಪಡೆಯುವ ನಿಯಮವನ್ನು ಎನ್‌ಎಫ್‌ಎಲ್ 1994ರಲ್ಲಿ ತಂದಿತ್ತು. ಅದರಿಂದಾಗಿ 8 ಅಂಕದ ಮುನ್ನಡೆಯೂ ಒಂದೇ ದಾಳಿಗೆ ಸಮವಾಗುವಂತಾಯಿತು. ಪೇಟ್ರಿಯಟ್ಸ್ ಎರಡು ಬಾರಿ ಆ 2 ಅಂಕ ಗಳಿಸಿ 28-28 ಮಾಡಿ, ಹೆಚ್ಚುವರಿ ಅವಧಿಯಲ್ಲಿ 34-28ರಿಂದ ಗೆದ್ದಿತು.

ಹದಿಮೂರು ಸೆಕೆಂಡು

ಹಳೆಯ ಬೆಲೆಯ ಲೆಕ್ಕ ಎಂದದ್ದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ 2022ರ ಜನವರಿ 23ರದು. ಬಫಲೊ ಬಿಲ್ಸ್ ತಂಡ ಕ್ಯಾನ್ಸಸ್ ಸಿಟಿ ಚೀಫ್ಸ್ ಎದುರು 36-33ರಿಂದ ಮುಂದಿತ್ತು. ಉಳಿದಿದ್ದದ್ದು 13 ಸೆಕೆಂಡು. ಚೆಂಡು ಚೀಫ್ಸ್‌ನ 25 ಗಜದ ಗೆರೆಯಲ್ಲಿ. ಮುನ್ನಡೆ 3 ಅಂಕದ್ದು, ಅಂದರೆ ಫೀಲ್ಡ್ ಗೋಲ್ ಒಂದೇ ಸಾಕು. ಟೈಮ್‌ಔಟ್‌ಗಳೂ ಚೀಫ್ಸ್ ಬಳಿ ಇದ್ದವು. ಬಿಲ್ಸ್ ರಕ್ಷಕರು ಬಹಳ ಹಿಂದೆ ನಿಂತು ಟಚ್‌ಡೌನ್ ತಡೆಯಲು ಸಜ್ಜಾದರು. ಮೊದಲ ಎಸೆತ ಟೈರೀಕ್ ಹಿಲ್‌ಗೆ, 19 ಗಜ, ಖರ್ಚು 5 ಸೆಕೆಂಡು. ಎರಡನೆಯದು ಟ್ರಾವಿಸ್ ಕೆಲ್ಸಿಗೆ, 25 ಗಜ, ಮತ್ತೆ 5 ಸೆಕೆಂಡು. ಉಳಿದ 3 ಸೆಕೆಂಡಿನಲ್ಲಿ ಹ್ಯಾರಿಸನ್ ಬಟ್ಕರ್ 49 ಗಜದಿಂದ ಒದ್ದು ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಚೀಫ್ಸ್ 42-36ರಿಂದ ಗೆದ್ದಿತು. ಆ ಅವಧಿಯಲ್ಲಿ ಬಿಲ್ಸ್‌ಗೆ ಚೆಂಡು ಮುಟ್ಟಲೂ ಸಿಗಲಿಲ್ಲ. ಎರಡೂ ತಂಡಗಳಿಗೆ ಅವಕಾಶ ಸಿಗುವಂತೆ ಪ್ಲೇಆಫ್ ಪಂದ್ಯಗಳ ನಿಯಮವನ್ನು ಅದೇ ವರ್ಷ ತಿದ್ದಲಾಯಿತು.

ಒಂದು ಕಾಲದಲ್ಲಿ 50 ಗಜದ ಆಸುಪಾಸಿನ ಒದೆತ ಎಂದರೆ ಹುಚ್ಚು ಸಾಹಸ. 1970ರಲ್ಲಿ ಟಾಮ್ ಡೆಂಪ್ಸಿ 63 ಗಜದಿಂದ ಒದ್ದ ದಾಖಲೆಯನ್ನು ಮೀರಲು 43 ವರ್ಷ ಬೇಕಾಯಿತು. 2013ರಲ್ಲಿ ಮ್ಯಾಟ್ ಪ್ರೇಟರ್ 64 ಗಜ, 2021ರಲ್ಲಿ ಜಸ್ಟಿನ್ ಟಕರ್ 66 ಗಜ ಮುಟ್ಟಿದರು. 50 ಗಜದ ಒದೆತ ಈಗ ದಿನನಿತ್ಯದ್ದು. ಒದೆಯುವವನ ಕಾಲು ಉದ್ದವಾದಷ್ಟೂ ರಕ್ಷಕರು ಬಿಟ್ಟುಕೊಡಬಹುದಾದ ನೆಲ ಗಿಡ್ಡವಾಗುತ್ತದೆ. ಹಿತ್ತಿಲ ಬಾಗಿಲು ತೆರೆದಿಟ್ಟು ಹೆಬ್ಬಾಗಿಲಿಗೆ ಬೀಗ ಜಡಿದಂತಾಯಿತು ಬಿಲ್ಸ್ ಕಥೆ.

ಆದರೂ ಏಕೆ?

ಇಷ್ಟೆಲ್ಲ ಆದ ಮೇಲೂ ತರಬೇತುದಾರರು ಈ ತಂತ್ರವನ್ನು ಬಿಟ್ಟಿಲ್ಲ. ಅವರನ್ನು ಮೂರ್ಖರೆನ್ನುವಂತಿಲ್ಲ. ಪ್ರಿವೆಂಟ್ ಡಿಫೆನ್ಸ್ ಕೆಲಸ ಮಾಡಿದ ಪಂದ್ಯಗಳಿಗೆ ಯಾರೂ ಹೆಸರಿಡುವುದಿಲ್ಲ. ಎದುರಾಳಿ ನಾಲ್ಕಾರು ಸಣ್ಣ ಎಸೆತ ಹಿಡಿದು, ಸಮಯ ಮುಗಿದು, ತಲೆ ತಗ್ಗಿಸಿ ಹೋದದ್ದನ್ನು ಮರುದಿನವೇ ಜನ ಮರೆಯುತ್ತಾರೆ. ನೆನಪಿನಲ್ಲಿ ಉಳಿಯುವುದು ಕೈಜಾರಿದವು ಮಾತ್ರ. 9 ಅಂಕಕ್ಕಿಂತ ಹೆಚ್ಚಿನ ಮುನ್ನಡೆ, ಒಂದು ನಿಮಿಷದ ಆಟ, ಎದುರಾಳಿಯ ಬಳಿ ಟೈಮ್‌ಔಟ್ ಇಲ್ಲ ಎಂಬ ಸ್ಥಿತಿಯಲ್ಲಿ ಹಿಂದೆ ನಿಲ್ಲುವುದೇ ಜಾಣತನ. ಸರಿಯಾದ ಏರ್ಪಾಡೂ ಒಬ್ಬನ ತಪ್ಪಿನಿಂದ ಕೆಡಬಹುದು. 2018ರ ಜನವರಿ 14ರಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ 24-23ರಿಂದ ಮುಂದಿದ್ದು, 10 ಸೆಕೆಂಡು ಬಾಕಿಯಿದ್ದಾಗ, ಟೈಮ್‌ಔಟ್ ಇಲ್ಲದ ಮಿನೆಸೋಟದ ಸ್ಟಿಫಾನ್ ಡಿಗ್ಸ್ ಅವರನ್ನು ಅಂಗಳದೊಳಗೆ ಕೆಡವಿದ್ದರೆ ಪಂದ್ಯ ಮುಗಿಯುತ್ತಿತ್ತು. ಕೆಡವಲು ಹೋದವನ ಗುರಿ ತಪ್ಪಿತು. ಡಿಗ್ಸ್ 61 ಗಜದ ಟಚ್‌ಡೌನ್ ಗಳಿಸಿದರು.

ಇನ್ನೊಂದು ಕಾರಣ ಮನುಷ್ಯ ಸ್ವಭಾವದ್ದು. ಗಳಿಸಿದಾಗಿನ ಸಂತೋಷಕ್ಕಿಂತ ಅಷ್ಟನ್ನೇ ಕಳೆದುಕೊಂಡಾಗಿನ ನೋವು ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವರ್‌ಸ್ಕಿ 1979ರಲ್ಲಿ ಪ್ರತಿಪಾದಿಸಿದರು. ಮುಂದಿರುವ ತಂಡಕ್ಕೆ ಗೆಲುವು ಆಗಲೇ ತನ್ನ ಆಸ್ತಿ. ಒಂದೇ ಉದ್ದನೆಯ ಎಸೆತದಲ್ಲಿ ಅದನ್ನು ಕಳೆದುಕೊಂಡರೆ ತರಬೇತುದಾರ ಅಜಾಗರೂಕ ಎನಿಸಿಕೊಳ್ಳುತ್ತಾನೆ. ಹತ್ತು ಸಣ್ಣ ಎಸೆತಗಳಲ್ಲಿ ಕಳೆದುಕೊಂಡರೆ ದುರದೃಷ್ಟ ಎನ್ನಬಹುದು. ಕೆಲಸ ಉಳಿಸಿಕೊಳ್ಳಬೇಕಾದವನು ಯಾವುದನ್ನು ಆರಿಸಿಕೊಂಡಾನು?

ಅಂದು ಕ್ಲೀವ್‌ಲ್ಯಾಂಡ್ ತಂಡದ ತರಬೇತುದಾರರಾಗಿದ್ದ ಮಾರ್ಟಿ ಶಾಟನ್‌ಹೈಮರ್ ಮುಂದೆ ಮೂರು ತಂಡಗಳನ್ನು ತರಬೇತುಗೊಳಿಸಿದರು. ಲೀಗ್ ಹಂತದಲ್ಲಿ ಒಟ್ಟು 200 ಪಂದ್ಯ ಗೆದ್ದರು. ಮುಖ್ಯ ತರಬೇತುದಾರರಾಗಿ ಅವರಿಗೆ ಒಮ್ಮೆಯೂ ಸೂಪರ್ ಬೌಲ್ ಒಲಿಯಲಿಲ್ಲ. 2007ರ ಜನವರಿ 14ರಂದು ಅವರ ಸ್ಯಾನ್ ಡಿಯೇಗೊ ಚಾರ್ಜರ್ಸ್ ತಂಡ ಪೇಟ್ರಿಯಟ್ಸ್ ಎದುರು 21-13ರಿಂದ ಮುಂದಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ರಕ್ಷಕ ಮಾರ್ಲನ್ ಮೆಕ್‌ಕ್ರೀ ಎದುರಾಳಿಯ ಎಸೆತವನ್ನು ನಡುವೆಯೇ ಹಿಡಿದರು. ಅಲ್ಲೇ ನೆಲಕ್ಕೆ ಬಿದ್ದಿದ್ದರೆ ಸಾಕಿತ್ತು. ಅವರು ಓಡಿದರು. ಎದುರಾಳಿ ಚೆಂಡನ್ನು ಕೈಯಿಂದ ಕಿತ್ತು ಕೆಡವಿದ, ಪೇಟ್ರಿಯಟ್ಸ್ ಅದನ್ನು ಮರಳಿ ಪಡೆದು 24-21ರಿಂದ ಗೆದ್ದಿತು. ಕ್ಲೀವ್‌ಲ್ಯಾಂಡ್‌ನಲ್ಲಿ ಹಿಂದೆ ಸರಿದದ್ದು ಮುಳುವಾದರೆ, ಇಲ್ಲಿ ಮುಂದೆ ಓಡಿದ್ದೇ ಮುಳುವಾಯಿತು. ಮರುತಿಂಗಳು ಶಾಟನ್‌ಹೈಮರ್ ಕೆಲಸ ಹೋಯಿತು. 2021ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು.

ಧೈರ್ಯವೇ ಸರಿ, ಎಚ್ಚರಿಕೆಯೇ ತಪ್ಪು ಎಂದು ಈ ಚರಿತ್ರೆ ಹೇಳುವುದಿಲ್ಲ. ಎಷ್ಟು ಅಂಕ, ಎಷ್ಟು ಸೆಕೆಂಡು, ಎಷ್ಟು ಟೈಮ್‌ಔಟ್ ಎಂಬ ಮೂರು ಲೆಕ್ಕಗಳನ್ನು ಪ್ರತಿ ಸಲವೂ ಹೊಸದಾಗಿ ಹಾಕಬೇಕು ಎಂದಷ್ಟೇ ಹೇಳುತ್ತದೆ. ಕ್ಲೀವ್‌ಲ್ಯಾಂಡ್‌ನ ಮೂಲ ತಂಡ 1995ರ ಸಾಲಿನ ನಂತರ ಬಾಲ್ಟಿಮೋರ್‌ಗೆ ಹೊರಟುಹೋಯಿತು. ಹಳೆಯ ಕ್ರೀಡಾಂಗಣವನ್ನು ಕೆಡವಲಾಯಿತು. 1999ರಲ್ಲಿ ಅದೇ ಜಾಗದಲ್ಲಿ ಹೊಸ ಕ್ರೀಡಾಂಗಣ ಎದ್ದು, ಅದೇ ಹೆಸರಿನ ಹೊಸ ತಂಡವೂ ಬಂತು. ಸೂಪರ್ ಬೌಲ್ ಮಾತ್ರ ಆ ಊರಿಗೆ ಇನ್ನೂ ಕನಸಾಗಿಯೇ ಉಳಿದಿದೆ. ಮೂರನೆಯ ಪ್ರಯತ್ನ, 18 ಗಜ ಎಂದರೆ ಸಾಕು, ಅಲ್ಲಿನ ಹಿರಿಯರಿಗೆ ಮುಂದಿನದ್ದನ್ನು ಹೇಳಬೇಕಾಗಿಲ್ಲ.